ಹತ್ತು ಗಂಟೆಗೆ ಮೈಕ್ ಬಂದ್ ಆದ ಮೇಲೆ

ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ನಾನು ಬಿಎಸ್ಸಿ ಓದುವಾಗ ನಮ್ಮ ಸಂಗೀತ ಸಂಜೆಗಳಿಗೆಲ್ಲ ತಬಲಾ ನನ್ನದೇ. ಸೌಂಡ್ ನೋಡಿಕೊಳ್ಳುವ ಕೆಲಸವೂ ನನ್ನದೇ.

ಮೊದಲ ಕಾರ್ಯಕ್ರಮ ಏಪ್ರಿಲ್‌ನಲ್ಲಿ. ರಾಯಚೂರಿನ ಬಿಸಿಲು ಗೊತ್ತಲ್ವಾ? ರೂಮಿನಲ್ಲಿ ಕೂತು ತಬಲಾ ಕರಿ ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಸ್ವರಕ್ಕೆ, ಸರಿಯಾಗಿ ಕೂಡಿಸಿದ್ದೆ. ಹೊರಗೆ ತಂದು ಅರ್ಧ ಗಂಟೆ ಇಟ್ಟಿದ್ದಕ್ಕೆ ಒಣ ಗಾಳಿಗೆ ಚರ್ಮ ಬಿಗಿದು ಸ್ವರ ಏರಿಬಿಟ್ಟಿತು. ಹಾರ್ಮೋನಿಯಂ ಒಂದು ಕಡೆ, ನಾನೊಂದು ಕಡೆ. ಅಂದಿನಿಂದ ವಾದ್ಯವನ್ನು ನುಡಿಸುವ ಜಾಗದಲ್ಲೇ ಒಂದು ಗಂಟೆ ಮುಂಚೆ ಇಟ್ಟು, ಆಮೇಲೆ ಸುತ್ತಿಗೆ ಹಿಡಿಯುತ್ತೇನೆ. ಅಂಚನ್ನು ಮೇಲಿನಿಂದ ಬಡಿದರೆ ಸ್ವರ ಏರುತ್ತದೆ, ಕೆಳಗಿನಿಂದ ಬಡಿದರೆ ಇಳಿಯುತ್ತದೆ. ಸುತ್ತಲೂ ಒಂದೇ ಸಮ ಆಗೋವರೆಗೆ ಬಿಡಬಾರದು.

ಹುಡುಗಿಯರು ಕರಿ ನಾಲ್ಕನ್ನು 'ಸ' ಮಾಡಿಕೊಂಡು ಹಾಡುತ್ತಿದ್ದರು. ಇನ್ನೊಂದು ತಬಲಾ ಕೊಳ್ಳಲು ದುಡ್ಡಿರಲಿಲ್ಲ. ಕರಿ ಒಂದು ಅವರಿಗೆ ಮಧ್ಯಮ, ಅಂದರೆ ಸರಿಗಮದ 'ಮ', ಆಗುತ್ತದೆ ಅಂತ ಹಾರ್ಮೋನಿಯಂ ಗೆಳೆಯ ತೋರಿಸಿಕೊಟ್ಟ. ಮಧ್ಯಮ ಇರುವ ಹಾಡುಗಳನ್ನೇ ಆರಿಸಿದೆವು. ಅದೇ ತಬಲಾದಲ್ಲಿ ಎಲ್ಲ ನಡೆಯಿತು.

ಮೈಕ್ ಕುಯ್ಯೆನ್ನುವುದು ಇನ್ನೊಂದು ಕಾಟ. ಸ್ಪೀಕರ್ ಡಬ್ಬಿಗಳನ್ನು ನಮ್ಮ ಹಿಂದೆ ಇಟ್ಟಿದ್ದೇ ತಪ್ಪು. ಅದರ ದನಿ ಮತ್ತೆ ಮೈಕಿಗೇ ಹೊಕ್ಕುತ್ತಿತ್ತು. ಡಬ್ಬಿ ನಮಗಿಂತ ಮುಂದೆ, ಮುಖ ಜನರ ಕಡೆ ಮಾಡಿದ ಮೇಲೆ ಸುಮ್ಮನಾಯಿತು.

ರಾತ್ರಿ ಹತ್ತಕ್ಕೆ ಮೈಕ್ ನಿಲ್ಲಿಸಲೇಬೇಕು, ಕಾನೂನು. ಆಮೇಲೆ ಹುಡುಗರು ನಾವು ಹಾಸ್ಟೆಲ್ ಮಾಳಿಗೆ ಹತ್ತುತ್ತಿದ್ದೆವು. ನನಗೆ ಕಾರ್ಯಕ್ರಮ ಅಂದರೆ ಅದೇ. ಮಾನ್ವಿಯ ಗೆಳೆಯ ತನ್ನೂರಿನ ಜಗನ್ನಾಥದಾಸರ ಪದ ಎತ್ತುತ್ತಿದ್ದ. ಲಿಂಗಸುಗೂರಿನವನು ಕಡಕೋಳ ಮಡಿವಾಳಪ್ಪನವರ ತತ್ವಪದ. ಇನ್ನೊಬ್ಬ ಅಜ್ಜನಿಂದ ಕಲಿತ ಮೊಹರಂ ಪದ. ಮೂರೂ ಒಂದೇ ಚಾಪೆಯ ಮೇಲೆ. ಆದರೆ ಮೊದಮೊದಲು ಅಲ್ಲಿಯೂ ನಾನು ಮೈಕ್ ಇದ್ದಂತೆಯೇ ಬಡಿಯುತ್ತಿದ್ದೆ. ಹಾಡಿನ ಮಾತು ಯಾರಿಗೂ ಕೇಳುತ್ತಿರಲಿಲ್ಲ.

ಅದು ಬಿಟ್ಟಿದ್ದು ಕೊನೆಯ ವರ್ಷ, ಓದಿನ ಭಾಗವಾಗಿ ಹಳ್ಳಿಯಲ್ಲಿ ಇರಬೇಕಾಗಿ ಬಂದಾಗ. ಹಗಲು ಹತ್ತಿ, ತೊಗರಿ ಹೊಲ. ಅಮವಾಸ್ಯೆ ರಾತ್ರಿ ಗುಡಿಯಲ್ಲಿ ಭಜನೆ. ನನಗೂ ಕೂಡಲು ಜಾಗ ಕೊಟ್ಟರು. ಎರಡನೇ ಪದಕ್ಕೇ ಹಿರಿಯರೊಬ್ಬರು ನನ್ನ ಕೈ ಮೇಲೆ ಕೈ ಇಟ್ಟರು. "ತಮ್ಮಾ, ಸಾವಕಾಶ ಬಾರ್ಸು. ಪದ ಕೇಳ್ಲಿ."

ಅವರ ತಬಲಾದವರನ್ನೇ ನೋಡುತ್ತಾ ಕೂತೆ. ಮುಂದಾಳು ಹಾಡುಗಾರರು ಒಂದು ಸಾಲು ಹೇಳುವಾಗ ತಬಲಾದವರ ಬೆರಳು ಸುಮ್ನೆ ಠೇಕಾ, ಅಂದರೆ ತಾಳದ ಮೂಲ ಬಡಿತ, ಹಿಡಿದಿರುತ್ತಿತ್ತು, ಅಷ್ಟೇ. ಮೇಳದವರು ಅದೇ ಸಾಲನ್ನು ತಿರುಗಿ ಹೇಳುವಾಗ ಮಾತ್ರ ಡಗ್ಗಾ, ಅಂದರೆ ಎಡಗೈಯ ದೊಡ್ಡ ದನಿಯ ವಾದ್ಯ, ತೆರೆದು ಬಾರಿಸುತ್ತಿದ್ದರು. ಹಾಗಾಗಿ ಹಾಡುವವರ ಗಂಟಲಿಗೂ ಬಿಡುವು, ಕೇಳುವವರಿಗೂ ಮಾತು ಸಿಗುತ್ತಿತ್ತು. ಮೂರು ಅಮವಾಸ್ಯೆ ಬೇಕಾಯಿತು ನನಗೆ ಅದು ಕೈಗೆ ಬರಲು.

ಹಾಸ್ಟೆಲ್‌ಗೆ ಮರಳಿದ ಮೇಲೆ ಮಾಳಿಗೆಯಲ್ಲಿ ಹಾಗೇ ನುಡಿಸಿದೆ. ಮೊದಲ ಸಲ ಎಲ್ಲರೂ ತತ್ವಪದವನ್ನು ತಿರುಗಿ ಹಾಡಿದರು, ಕೆಳಗಿನ ರೂಮಿನವರೂ ಎದ್ದು ಬಂದರು. ಮುಂದಿನ ಕಾರ್ಯಕ್ರಮಕ್ಕೆ ಎರಡು ಸ್ಪೀಕರ್ ಬದಲು ಒಂದನ್ನೇ ಬಾಡಿಗೆಗೆ ತಂದೆವು. ಉಳಿದ ದುಡ್ಡಿನಲ್ಲಿ ಹಾರ್ಮೋನಿಯಂಗೆ ಹೊಸ ತಿದಿ ಹಾಕಿಸಿ ಜೂನಿಯರ್‌ಗಳ ಕೈಗೆ ಕೊಟ್ಟು ಬಂದೆವು.