ಒಣಮೆಣಸಿನಕಾಯಿ ರಫ್ತು: ಎಸ್‌ಪಿಎಸ್ ಅಧಿಸೂಚನೆಗೆ ನಾನು ಆಕ್ಷೇಪಣೆ ಬರೆಯುವ ಬಗೆ

ಯುರೋಪಿಗೆ ಬ್ಯಾಡಗಿ ಮೆಣಸಿನಕಾಯಿ ಕಳಿಸುವವರಿಗೆ ಕೀಟನಾಶಕದ ಮಿತಿ ಬದಲಾಗಿದೆ ಎಂದು ಎಷ್ಟೋ ಸಲ ಗೊತ್ತಾಗುವುದು ಕಂಟೇನರ್ ಬಂದರಿನಲ್ಲಿ ನಿಂತ ಮೇಲೆ. ಆಗ ಕಾನೂನು ಹೇಳಿ ಪ್ರಯೋಜನವಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ (ಆಹಾರ ಸುರಕ್ಷತೆ, ಪ್ರಾಣಿ ಮತ್ತು ಸಸ್ಯ ಆರೋಗ್ಯ ಕ್ರಮಗಳ) ಒಪ್ಪಂದದಂತೆ ನಿಯಮ ತರುವ ದೇಶ ಕರಡನ್ನು ಅಧಿಸೂಚನೆಯ ಮೂಲಕ ಮೊದಲೇ ತಿಳಿಸಬೇಕು. ಅಭಿಪ್ರಾಯಕ್ಕೆ ಸಾಮಾನ್ಯವಾಗಿ 60 ದಿನ. ನಮ್ಮ ಕೆಲಸವೆಲ್ಲ ಆ 60 ದಿನದೊಳಗೆ.

ಇಂಥ ಅಧಿಸೂಚನೆಗಳನ್ನು ತಿಳಿಸುವ ಇ-ಪಿಂಗ್ ತಾಣದಲ್ಲಿ ಉಚಿತ ಖಾತೆ ತೆರೆದು ಎಚ್‌ಎಸ್ ಕೋಡ್ (ಸರಕಿನ ಅಂತರರಾಷ್ಟ್ರೀಯ ವರ್ಗೀಕರಣ ಸಂಖ್ಯೆ) ಹಾಕಿಟ್ಟರೆ ಮಿಂಚಂಚೆ ಬರುತ್ತದೆ. ಇಡೀ ಕಾಯಿಗೆ 0904 21, ಪುಡಿಗೆ 0904 22, ಎರಡೂ ಬೇಕು. ಅದರ ಜೊತೆ ಹಸಿಮೆಣಸಿನಕಾಯಿಯ ಕೋಡನ್ನೂ ಸೇರಿಸಿ, ಏಕೆಂದರೆ ಯುರೋಪಿನಲ್ಲಿ ಮಿತಿ ನಿಗದಿಯಾಗುವುದು ಹಸಿ ಕಾಯಿಗೆ. ಅಧಿಸೂಚನೆಯಲ್ಲಿ ನಾನು ಮೊದಲು ನೋಡುವುದು 12ನೇ ಕಲಮಿನ ಕೊನೆಯ ದಿನಾಂಕ, ಆಮೇಲೆ 8ನೇ ಕಲಮು: ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ) ಮಾನದಂಡ ಇದೆಯೇ, ಕರಡು ಅದಕ್ಕೆ ಹೊಂದುತ್ತದೆಯೇ. ಇದ್ದೂ ಹೊಂದದಿದ್ದರೆ ವಾದಕ್ಕೆ ಎಸ್‌ಪಿಎಸ್ ಒಪ್ಪಂದದ 3.3ನೇ ವಿಧಿ ಸಿಕ್ಕಿತು. ಕೋಡೆಕ್ಸ್‌ಗಿಂತ ಹೆಚ್ಚು ಬಿಗಿಗೆ ವೈಜ್ಞಾನಿಕ ಸಮರ್ಥನೆ ಕೊಡಬೇಕಾದವರು ನಿಯಮ ತರುವವರು.

ನಂತರ ಇಎಫ್‌ಎಸ್‌ಎ (ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ) ವರದಿ. ಮಿತಿ 0.01 ಮಿ.ಗ್ರಾಂ/ಕೆ.ಜಿ.ಗೆ ಇಳಿದದ್ದು ಆರೋಗ್ಯದ ಅಪಾಯ ಕಂಡೋ, ಅಥವಾ ಯುರೋಪಿನಲ್ಲಿ ಆ ಔಷಧಿಯ ಅನುಮತಿ ಮುಗಿದು ದತ್ತಾಂಶ ಸಾಲದೆಯೋ? ಎರಡನೆಯದಾದರೆ ಒಪ್ಪಂದದ ವಿಧಿಗಳಾದ 5.1 (ಅಪಾಯದ ಮೌಲ್ಯಮಾಪನ) ಮತ್ತು 5.6 (ಅಗತ್ಯಕ್ಕಿಂತ ಹೆಚ್ಚು ವ್ಯಾಪಾರ ತಡೆಯಬಾರದು) ಹಿಡಿಯುತ್ತೇನೆ. ಅಕ್ಕಿಯಲ್ಲಿ ಟ್ರೈಸೈಕ್ಲಜೋಲ್ (ಭತ್ತಕ್ಕೆ ಹೊಡೆಯುವ ಶಿಲೀಂಧ್ರನಾಶಕ) ಮಿತಿ 1ರಿಂದ 0.01ಕ್ಕೆ ಬಿದ್ದಾಗ ಬಾಸ್ಮತಿ ರಫ್ತುದಾರರಿಗೆ ಬಿದ್ದ ಪೆಟ್ಟು ನೆನಪಿರಲಿ.

ಮೆಣಸಿನಕಾಯಿಗೆ ಇನ್ನೊಂದು ಸೂಕ್ಷ್ಮವಿದೆ. ಹಸಿ ಕಾಯಿಯಲ್ಲಿ ನೀರು ಶೇ 80, ಒಣಗಿದ್ದರಲ್ಲಿ ಶೇ 10 ಎಂದಿಟ್ಟುಕೊಳ್ಳಿ: 100 ಕೆ.ಜಿ.ಗೆ ಸುಮಾರು 22 ಕೆ.ಜಿ. ಉಳಿಯುತ್ತದೆ. ಔಷಧಿ ಆರಿಹೋಗದಿದ್ದರೆ ಅವಶೇಷ ನಾಲ್ಕೂವರೆ ಪಟ್ಟು ಕಾಣುತ್ತದೆ. ಯುರೋಪಿನ ಕೀಟನಾಶಕ ಮಿತಿಗಳ 396/2005 ನಿಯಮದ 20ನೇ ವಿಧಿ ಈ ಸಾಂದ್ರತೆಯನ್ನು ಲೆಕ್ಕಕ್ಕೆ ಹಿಡಿಯಲು ಹೇಳುತ್ತದೆ. ಯಾವ ಗುಣಕ ಬಳಸುತ್ತೀರಿ ಎಂಬ ಪ್ರಶ್ನೆಯನ್ನು ಬರೆದೇ ಕೇಳಿ. ಪ್ರಯೋಗಾಲಯದ ವರದಿ ಲಗತ್ತಿಸುವಾಗ ತೇವಾಂಶ ಮತ್ತು ಪರಿಮಾಣ ಪತ್ತೆಯ ಕನಿಷ್ಠ ಮಟ್ಟ ಎರಡೂ ನಮೂದಾಗಿರಬೇಕು, ಇಲ್ಲದಿದ್ದರೆ "ಪತ್ತೆಯಾಗಿಲ್ಲ" ಎಂಬುದಕ್ಕೆ ಅರ್ಥವೇ ಇಲ್ಲ.

"ನಮ್ಮ ರೈತರಿಗೆ ನಷ್ಟ" ಎಂಬ ಪತ್ರಗಳು ಕಡತದಲ್ಲೇ ಉಳಿಯುತ್ತವೆ. ನಷ್ಟ ಹೇಳಬೇಕಿದ್ದರೆ ರಫ್ತಿನ ಅಂಕಿಅಂಶದೊಂದಿಗೆ ಎಸ್‌ಪಿಎಸ್ ಒಪ್ಪಂದದ 10.2ನೇ ವಿಧಿಯಡಿ ಹೆಚ್ಚುವರಿ ಕಾಲಾವಕಾಶ ಕೇಳಿ. ವಿಶ್ವ ವ್ಯಾಪಾರ ಸಂಸ್ಥೆಯ 2001ರ ದೋಹಾ ನಿರ್ಧಾರದಂತೆ ಪ್ರಕಟಣೆಗೂ ಜಾರಿಗೂ ನಡುವೆ ಸಾಮಾನ್ಯವಾಗಿ ಆರು ತಿಂಗಳು ಇರಬೇಕು. ಒಂದು ಹಂಗಾಮಿನ ದಾಸ್ತಾನು ಖಾಲಿಯಾಗಲು ಅಷ್ಟು ಸಾಲದು ಎಂಬುದನ್ನು ತೋರಿಸಿ. ಮೇಲೆ ಹೇಳಿದ ಅಪಾಯ ಮೌಲ್ಯಮಾಪನದ ವಾದಕ್ಕೆ ಭಾರತವೂ ಸೋತಿದೆ: ಹಕ್ಕಿಜ್ವರದ ಹೆಸರಿನಲ್ಲಿ ಅಮೆರಿಕದ ಕೋಳಿ ಉತ್ಪನ್ನ ತಡೆದ ಪ್ರಕರಣದಲ್ಲಿ, 2015ರಲ್ಲಿ.

ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಮಾತಾಡುವುದು ಸರ್ಕಾರ. ಹಾಗಾಗಿ ಟಿಪ್ಪಣಿಯನ್ನು ನಮ್ಮ ದೇಶದ ಎಸ್‌ಪಿಎಸ್ ವಿಚಾರಣಾ ಕೇಂದ್ರಕ್ಕೆ (ಎನ್‌ಕ್ವೈರಿ ಪಾಯಿಂಟ್), ಗಡುವಿಗೆ ಎರಡು ವಾರ ಮೊದಲು, ಎರಡು ಪುಟದೊಳಗೆ ಕಳಿಸುತ್ತೇನೆ. ಉತ್ತರ ತೃಪ್ತಿಕರವಲ್ಲದಿದ್ದರೆ ವರ್ಷಕ್ಕೆ ಮೂರು ಸಲ ಜಿನೀವಾದಲ್ಲಿ ಸೇರುವ ಎಸ್‌ಪಿಎಸ್ ಸಮಿತಿಯಲ್ಲಿ ಎತ್ತಲು ಕೋರಬಹುದು. ಸಮಾನಾಂತರವಾಗಿ ಔಷಧಿ ತಯಾರಕ ಕಂಪನಿಯನ್ನು ಹಿಡಿದು ಆಮದು ಸಹಿಷ್ಣುತೆಗೆ (ಆಮದು ಸರಕಿಗೆಂದೇ ನಿಗದಿಪಡಿಸುವ ಅವಶೇಷ ಮಿತಿಗೆ) ಅರ್ಜಿ ಹಾಕಿಸಿ. ಹೊಲಪ್ರಯೋಗದ ದತ್ತಾಂಶ ಇರುವುದು ಅವರ ಬಳಿ. ಅಲ್ಲಿಯವರೆಗೆ ಆ ಔಷಧಿ ಹೊಡೆಯದ ಹೊಲದ ಮಾಲನ್ನು ಬೇರೆ ರಾಶಿಯಾಗಿಯೇ ಖರೀದಿಸಿಡಿ.