ಗಿನಿಪಿಗ್ ತಿನ್ನುವುದು ನಿಲ್ಲಿಸಿದೆಯೇ? ಸಿರಿಂಜ್ ಹಿಡಿಯುವ ಮೊದಲು ಹೊಟ್ಟೆ ಮುಟ್ಟಿ ನೋಡಿ

ಬೆಳಿಗ್ಗೆ ಹಾಕಿದ ಸೊಪ್ಪು ಮಧ್ಯಾಹ್ನವಾದರೂ ಹಾಗೇ ಬಿದ್ದಿದೆ, ಗಿನಿಪಿಗ್ ಮೂಲೆಯಲ್ಲಿ ರೋಮ ಉಬ್ಬಿಸಿಕೊಂಡು ಮುದುರಿ ಕೂತಿದೆ ಅಂದರೆ ಅದು ಮುನಿಸಲ್ಲ, ಕಾಯಿಲೆ. ಬೇರೆ ಸಾಕುಪ್ರಾಣಿಗಳು ಒಂದು ದಿನ ಹೊಟ್ಟೆ ಖಾಲಿ ಬಿಟ್ಟು ತಾವೇ ಸುಧಾರಿಸಿಕೊಂಡಾವು. ಗಿನಿಪಿಗ್‌ಗೆ ಆ ಅನುಕೂಲವಿಲ್ಲ. 12 ಗಂಟೆ ಏನನ್ನೂ ತಿನ್ನದಿದ್ದರೆ ತುರ್ತು ಎಂದೇ ತಿಳಿಯಿರಿ. 24 ಗಂಟೆ ದಾಟಲು ಬಿಡಲೇಬೇಡಿ.

ಕಾರಣ ಅದರ ಕರುಳಿನ ರಚನೆಯಲ್ಲೇ ಇದೆ. ಹುಲ್ಲಿನ ನಾರು ಜೀರ್ಣವಾಗುವುದು ಜಠರದಲ್ಲಲ್ಲ. ಸಣ್ಣ ಕರುಳು ಮುಗಿದ ಮೇಲೆ ಬರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುಳಿಸಿ ಅರಗಿಸುತ್ತವೆ. ಹೊಸ ನಾರು ಒಳಗೆ ಬರುತ್ತಿದ್ದರೆ ಮಾತ್ರ ಹಳೆಯದು ಮುಂದೆ ಸಾಗುತ್ತದೆ. ಬರುವುದು ನಿಂತರೆ ಕರುಳಿನ ಚಲನೆ ಮಂದವಾಗುತ್ತದೆ, ಒಳಗಿರುವುದು ಒಣಗಿ ಗಟ್ಟಿಯಾಗುತ್ತದೆ, ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ ಗ್ಯಾಸ್ ತುಂಬುತ್ತದೆ. ಗ್ಯಾಸಿನಿಂದ ನೋವು, ನೋವಿನಿಂದ ಇನ್ನಷ್ಟು ಅರುಚಿ. ವಾಂತಿ ಮಾಡಿಕೊಂಡು ಹಗುರಾಗೋಣವೆಂದರೆ ಗಿನಿಪಿಗ್‌ಗೆ ವಾಂತಿಯೂ ಬರುವುದಿಲ್ಲ. ಇತ್ತ ದೇಹ ತನ್ನ ಕೊಬ್ಬನ್ನೇ ಕರಗಿಸಲು ಶುರುಮಾಡಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಪಶುವೈದ್ಯರು ಜಿಐ ಸ್ಟೇಸಿಸ್ ಅನ್ನುವುದು ಇದನ್ನೇ.

ಹಾಗಾಗಿ ತಿನ್ನದ ಗಿನಿಪಿಗ್‌ಗೆ ನಾವೇ ತಿನ್ನಿಸಬೇಕು, ನಿಜ. ಆದರೆ ಎಲ್ಲ ಸಂದರ್ಭದಲ್ಲೂ ಅಲ್ಲ. ಹೊಟ್ಟೆ ಉಬ್ಬರಿಸಿರುವಾಗ ತಿನ್ನಿಸಿದರೆ ಪ್ರಾಣಕ್ಕೇ ಅಪಾಯ.

ಮೊದಲು ಹೊಟ್ಟೆ

ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗೆ ಕೊಟ್ಟು ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ. ಕೊನೆಯ ಪಕ್ಕೆಲುಬಿನ ಹಿಂದೆ ಎರಡೂ ಬದಿಗೆ ಬೆರಳಿಟ್ಟು ತೀರಾ ಹಗುರವಾಗಿ ಒತ್ತಿ. ಆರೋಗ್ಯವಾಗಿರುವ ಹೊಟ್ಟೆ ಮೆತ್ತಗಿರುತ್ತದೆ, ಬೆರಳಿಗೆ ಜಾಗ ಕೊಡುತ್ತದೆ. ಕರುಳು ಮಂದವಾಗಿದ್ದರೆ ನಾದಿದ ಹಿಟ್ಟನ್ನು ಒತ್ತಿದಂತೆ ಅನ್ನಿಸಬಹುದು. ಉಬ್ಬರವಾಗಿದ್ದರೆ ಚರ್ಮ ತಮಟೆಯ ಹಾಗೆ ಬಿಗಿದಿರುತ್ತದೆ, ಬೆರಳ ತುದಿಯಿಂದ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ, ಮೇಲಿನಿಂದ ನೋಡಿದರೆ ಸೊಂಟದ ಮುಂದೆ ಎರಡೂ ಕಡೆ ಊದಿಕೊಂಡಿರುತ್ತದೆ. ಗಿನಿಪಿಗ್ ಆರೋಗ್ಯವಾಗಿರುವಾಗಲೇ ವಾರಕ್ಕೊಮ್ಮೆ ಹೀಗೆ ಮುಟ್ಟಿ ನೋಡುವ ರೂಢಿಯಿದ್ದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ.

ತಮಟೆಯಂತಿದ್ದರೆ ಬಾಯಿಗೆ ಆಹಾರವನ್ನೂ ನೀರನ್ನೂ ಹಾಕಬೇಡಿ. ಕರುಳನ್ನು ಚುರುಕುಗೊಳಿಸುವ ಔಷಧಿ ಮನೆಯಲ್ಲಿದ್ದರೂ ಕೊಡಬೇಡಿ, ಹೊಟ್ಟೆ ನೀವಬೇಡಿ. ಜಠರ ತನ್ನ ಮೇಲೆ ತಾನೇ ತಿರುಚಿಕೊಂಡಿರಬಹುದು. ಅದು ಎಕ್ಸ್-ರೇಯಲ್ಲಿ ಮಾತ್ರ ಖಚಿತವಾಗುತ್ತದೆ. ಆಗ ಉಳಿಯುವ ದಾರಿ ಶಸ್ತ್ರಚಿಕಿತ್ಸೆ ಒಂದೇ, ಅದರಲ್ಲೂ ಬದುಕುವ ಸಾಧ್ಯತೆ ಕಡಿಮೆ. ತಡಮಾಡಿದಷ್ಟೂ ಆ ಸಾಧ್ಯತೆ ಕರಗುತ್ತದೆ, ಆದ್ದರಿಂದ ರಾತ್ರಿಯಾದರೂ ಹೊರಡಿ.

ಹೊಟ್ಟೆ ನೋಡಿದ ಮೇಲೆ ಕಿವಿ ಮತ್ತು ಪಾದ ಮುಟ್ಟಿ. ಗಿನಿಪಿಗ್‌ನ ಸಹಜ ಮೈಶಾಖ 37.2ರಿಂದ 39.5 ಡಿಗ್ರಿ ಸೆಲ್ಸಿಯಸ್. ಕಿವಿ, ಪಾದ ತಣ್ಣಗಿದ್ದು ಪ್ರಾಣಿ ಸೊರಗಿದ್ದರೆ ಮೊದಲ ಕೆಲಸ ಬೆಚ್ಚಗಿಡುವುದು. ಮೈ ತಣ್ಣಗಿರುವಾಗ ಕರುಳು ಕೆಲಸ ಮಾಡುವುದಿಲ್ಲ, ನುಂಗುವ ಶಕ್ತಿಯೂ ಕುಂದಿರುತ್ತದೆ, ತಿನ್ನಿಸಿದ್ದು ಶ್ವಾಸಕೋಶಕ್ಕೆ ಹೋಗಬಹುದು. ಬಿಸಿನೀರಿನ ಬಾಟಲಿಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಪೆಟ್ಟಿಗೆಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಸೆಕೆಯಾದರೆ ಸರಿದು ಹೋಗಲು ಉಳಿದರ್ಧ ಖಾಲಿ ಇರಲಿ.

ಇನ್ನೊಂದು ಸಾಕ್ಷಿ ಹಿಕ್ಕೆ. ಸರಿಯಿದ್ದಾಗ ಅದು ಒಂದೇ ಗಾತ್ರದ, ಉದ್ದುರುಟಾದ, ಗಟ್ಟಿ ಹಿಕ್ಕೆ. ಕರುಳು ನಿಧಾನವಾದಂತೆ ಸಣ್ಣದಾಗುತ್ತದೆ, ಒಣಗುತ್ತದೆ, ಒಂದು ತುದಿ ಚೂಪಾಗುತ್ತದೆ, ಕೂದಲಿನಿಂದ ಒಂದಕ್ಕೊಂದು ಅಂಟಿಕೊಂಡು ಬರುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಪಂಜರದ ಹಾಸು ತೆಗೆದು ಬಿಳಿ ಬಟ್ಟೆ ಹಾಸಿದರೆ ಎಣಿಸುವುದು ಸುಲಭ. ಜೊತೆಗಾರ ಇದ್ದರೆ ಬೇರೆ ಕೋಣೆಗೆ ಸಾಗಿಸಬೇಡಿ, ಒಂಟಿತನವೂ ತಿನ್ನುವುದನ್ನು ನಿಲ್ಲಿಸುತ್ತದೆ. ನಡುವೆ ಜಾಲರಿ ನಿಲ್ಲಿಸಿ. ಹಿಕ್ಕೆ ಯಾರದೆಂದು ತಿಳಿಯುತ್ತದೆ, ಗೆಳೆಯನ ವಾಸನೆಯೂ ಸಿಗುತ್ತದೆ.

ವೈದ್ಯರ ಬಳಿ

ಸ್ಟೇಸಿಸ್ ಬಹುಪಾಲು ಇನ್ನೊಂದು ಕಾಯಿಲೆಯ ಫಲ. ಮೂಲ ಸಿಗದಿದ್ದರೆ ಇವತ್ತು ಗೆದ್ದದ್ದು ಹದಿನೈದು ದಿನಕ್ಕೆ ಮತ್ತೆ ಮರುಕಳಿಸುತ್ತದೆ. ಮೊದಲ ಅನುಮಾನ ಹಲ್ಲಿನ ಮೇಲೆ. ಗಿನಿಪಿಗ್‌ನ 20 ಹಲ್ಲುಗಳೂ ಜೀವನವಿಡೀ ಬೆಳೆಯುತ್ತವೆ. ಕೆಳ ದವಡೆಹಲ್ಲುಗಳು ಸವೆಯದೆ ಒಳಮುಖವಾಗಿ ಬಾಗಿ ನಾಲಿಗೆಯ ಮೇಲೆ ಸೇತುವೆ ಕಟ್ಟಿಬಿಡುತ್ತವೆ. ಆಗ ಹಸಿವಿದ್ದರೂ ನುಂಗಲಾಗದು, ತಟ್ಟೆಯ ಬಳಿ ಬಂದು ಮೂಸಿ ವಾಪಸಾಗುತ್ತದೆ, ಗದ್ದ ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಮುಂದಿನ ಬಾಚಿಹಲ್ಲು ನೋಡಿ "ಹಲ್ಲು ಸರಿಯಿದೆ" ಅಂದರೆ ಸಾಲದು. ದವಡೆಹಲ್ಲನ್ನು ಉಪಕರಣ ಹಾಕಿ ನೋಡಿದರೇ ಎಂದು ಕೇಳಿ. ಮೂತ್ರಕೋಶದ ಕಲ್ಲು, ವಯಸ್ಸಾದ ಹೆಣ್ಣಿನಲ್ಲಿ ಅಂಡಾಶಯದ ಗಂಟು, ನ್ಯುಮೋನಿಯಾ, ವಿಟಮಿನ್ ಸಿ ಕೊರತೆ, ಕಡಿಮೆ ಹುಲ್ಲು ಹೆಚ್ಚು ಪೆಲೆಟ್, ದಿಢೀರನೆ ಬದಲಾದ ಆಹಾರ, ಅತಿಯಾದ ಸೆಕೆ, ಇವೆಲ್ಲ ಪಟ್ಟಿಯಲ್ಲಿರಲಿ.

ಹೋಗುವಾಗ ಮೂರು ಸಂಗತಿ ಬರೆದುಕೊಂಡು ಹೋಗಿ: ಕೊನೆಯ ಸಲ ತಿಂದದ್ದು ಎಷ್ಟು ಗಂಟೆಗೆ, ಕೊನೆಯ ಹಿಕ್ಕೆ ಕಂಡದ್ದು ಯಾವಾಗ, ಇವತ್ತಿನ ತೂಕ ಎಷ್ಟು.

ಆಂಟಿಬಯೋಟಿಕ್ ಬರೆದುಕೊಟ್ಟರೆ ಅದರ ಹೆಸರು ಓದದೆ ಒಂದು ಹನಿಯನ್ನೂ ಕೊಡಬೇಡಿ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್ ಗಿನಿಪಿಗ್‌ಗೆ ವಿಷಕ್ಕೆ ಸಮ. ನಾಯಿ, ಬೆಕ್ಕು, ಮಕ್ಕಳಿಗೆ ನಿತ್ಯ ಕೊಡುವ ಔಷಧಿಗಳೇ ಇವು, ಅದಕ್ಕೇ ಎಡವಟ್ಟಾಗುವುದು. ಸೀಕಮ್ಮಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಬೆಳೆದು ವಿಷ ಉಗುಳುತ್ತದೆ. ಕೆಲವೇ ದಿನಗಳಲ್ಲಿ ಭೇದಿಯಾಗಿ ಪ್ರಾಣಿ ಸಾಯುತ್ತದೆ. ಗಿನಿಪಿಗ್ ಬಲ್ಲ ವೈದ್ಯರು ಸಾಮಾನ್ಯವಾಗಿ ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೊಪ್ರಿಮ್-ಸಲ್ಫಾ ಬಳಸುತ್ತಾರೆ.

ನೋವಿನ ಔಷಧಿಯನ್ನು ತಾವಾಗಿಯೇ ಕೊಡದಿದ್ದರೆ ನೀವೇ ಕೇಳಿ. ಹಲ್ಲು ಮಸೆಯುತ್ತ, ಕಣ್ಣು ಅರೆಮುಚ್ಚಿ ಕೂತ ಪ್ರಾಣಿ ನೋವು ಇಳಿಯದೆ ತಿನ್ನುವುದಿಲ್ಲ. ಮೆಲಾಕ್ಸಿಕಾಂ, ಬ್ಯುಪ್ರಿನಾರ್ಫಿನ್ ಬಳಕೆಯಲ್ಲಿವೆ. ಮೈಯಲ್ಲಿ ನೀರಿನಂಶ ಬತ್ತಿರುವಾಗ ಮೆಲಾಕ್ಸಿಕಾಂ ಮೂತ್ರಪಿಂಡಕ್ಕೆ ಭಾರ. ಆದ್ದರಿಂದ ಚರ್ಮದಡಿ ದ್ರವ ಕೊಡುವುದೂ ಜೊತೆಗೇ ನಡೆಯಬೇಕು. ಮನುಷ್ಯರ ನೋವಿನ ಮಾತ್ರೆ ಮುರಿದು ಕೊಡುವುದು ಬೇಡವೇ ಬೇಡ.

ಸಿರಿಂಜ್‌ನಲ್ಲಿ ತಿನ್ನಿಸುವುದು

ಅಡಚಣೆಯಿಲ್ಲ, ಉಬ್ಬರವಿಲ್ಲ ಎಂದು ಖಚಿತವಾದ ಮೇಲೆ ಪ್ರಾಣ ಉಳಿಸುವ ಕೆಲಸ ಮನೆಯಲ್ಲಿ, ನಿಮ್ಮ ಕೈಯಲ್ಲಿ ನಡೆಯುತ್ತದೆ.

ಆಕ್ಸ್‌ಬೋ ಕ್ರಿಟಿಕಲ್ ಕೇರ್‌ನಂಥ ಸಸ್ಯಾಹಾರಿ ಪ್ರಾಣಿಗಳ ಪುಡಿ ಸಿಕ್ಕರೆ ಅದೇ ಒಳ್ಳೆಯದು. ಒಂದು ಅಳತೆ ಪುಡಿಗೆ ಎರಡು ಅಳತೆ ಉಗುರುಬೆಚ್ಚಗಿನ ನೀರು. ಒಂದೆರಡು ನಿಮಿಷ ಬಿಟ್ಟರೆ ನಾರು ನೀರು ಹೀರಿ ದಪ್ಪವಾಗುತ್ತದೆ, ಆಗ ಇನ್ನಷ್ಟು ನೀರು ಬೇಕಾಗಬಹುದು. ಪುಡಿ ಇಲ್ಲದಿದ್ದರೆ ಬೀಜ, ಒಣಹಣ್ಣು ಬೆರೆಸದ ಸಾದಾ ಹುಲ್ಲಿನ ಪೆಲೆಟ್ಟನ್ನು ಎರಡು ಪಟ್ಟು ಬಿಸಿನೀರಿನಲ್ಲಿ 15–20 ನಿಮಿಷ ನೆನೆಸಿ, ನುಣ್ಣಗೆ ಕಿವುಚಿ, ಆರಿದ ಮೇಲೆ ಕೊಡಿ. ಹಣ್ಣಿನ ರಸ, ಹಾಲು, ಬ್ರೆಡ್ ಬೇಡ. ಸಕ್ಕರೆ, ಪಿಷ್ಟ ಸೀಕಮ್ಮಿಗೆ ಹೋದರೆ ಗ್ಯಾಸ್ ಇನ್ನಷ್ಟು ಹೆಚ್ಚುತ್ತದೆ. ಕಲಸಿದ್ದನ್ನು ಫ್ರಿಜ್ಜಿನಲ್ಲಿಟ್ಟರೂ 24 ಗಂಟೆಯ ಮೇಲೆ ಚೆಲ್ಲಿಬಿಡಿ.

1 ಎಂಎಲ್ ಸಿರಿಂಜ್ ಗಿನಿಪಿಗ್‌ನ ಬಾಯಿಗೆ ಹಿಡಿಸುತ್ತದೆ, ಆದರೆ ಅದರ ಸಣ್ಣ ತೂತಿನಲ್ಲಿ ನಾರು ಸಿಕ್ಕಿಕೊಳ್ಳುತ್ತದೆ. ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಅಂಚನ್ನು ಉಗುರು ಉಜ್ಜುವ ಫೈಲಿನಿಂದ ನಯಮಾಡಿ, ನಿಮ್ಮ ತುಟಿಗೆ ಒತ್ತಿ ನೋಡಿ. ತುಟಿಗೆ ಚುಚ್ಚಿದರೆ ಅದರ ಒಸಡಿಗೂ ಚುಚ್ಚುತ್ತದೆ. ಹತ್ತಾರು ಸಿರಿಂಜ್ ಮೊದಲೇ ತುಂಬಿಟ್ಟುಕೊಂಡರೆ ಮಧ್ಯೆ ಏಳುವ ಕಾಟವಿಲ್ಲ.

ಗಿನಿಪಿಗ್ಗನ್ನು ಟವೆಲಿನಲ್ಲಿ ಸುತ್ತಿ, ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವಂತೆ ನೇರವಾಗಿ ಕೂರಿಸಿ. ಅಂಗಾತ ಮಲಗಿಸಿ ಎಂದೂ ತಿನ್ನಿಸಬಾರದು. ಒಂದು ಕೈಯಲ್ಲಿ ಗದ್ದಕ್ಕೆ ಹಗುರಾಗಿ ಆಸರೆ ಕೊಡಿ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಹಲ್ಲಿಲ್ಲದ ಒಂದು ಸಂದು ಇದೆ. ತುಟಿಯ ಪಕ್ಕದಿಂದ ಸಿರಿಂಜನ್ನು ಆ ಸಂದಿಗೆ ತೂರಿಸಿ, ತುದಿ ಎದುರು ಕೆನ್ನೆಯ ಕಡೆಗಿರಲಿ, ಗಂಟಲಿನ ಕಡೆಗಲ್ಲ. ಮೊದಲು 0.2 ಎಂಎಲ್ ಬಿಡಿ. ದವಡೆ ಆಡಿಸುತ್ತದೆ, ಆಮೇಲೆ ನುಂಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲಷ್ಟೇ ಮುಂದಿನದು, ಹೀಗೆ ಒಂದು ಸಲಕ್ಕೆ ಅರ್ಧ ಎಂಎಲ್‌ವರೆಗೆ. ಬಾಯಲ್ಲಿ ಹಾಗೇ ಇಟ್ಟುಕೊಂಡರೆ ಕಾಯಿರಿ. ಅವಸರದಿಂದ ಒತ್ತಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಕೆಮ್ಮಿದರೆ, ಮೂಗಿನಿಂದ ಆಹಾರ ಬಂದರೆ ತಕ್ಷಣ ನಿಲ್ಲಿಸಿ ತಲೆ ಸ್ವಲ್ಪ ತಗ್ಗಿಸಿ ಹಿಡಿಯಿರಿ. ಉಸಿರಾಟದಲ್ಲಿ ಕಟಕಟ ಸದ್ದು ಉಳಿದರೆ ವೈದ್ಯರಿಗೆ ತೋರಿಸಿ.

ಎಷ್ಟು? ಏನನ್ನೂ ತಾನಾಗಿ ತಿನ್ನದ 1 ಕೆ.ಜಿ. ತೂಕದ ಪ್ರಾಣಿಗೆ ದಿನಕ್ಕೆ ಒಟ್ಟು 60ರಿಂದ 80 ಎಂಎಲ್, 5–6 ಸಲಕ್ಕೆ ಹಂಚಿ. ಮೊದಲೆರಡು ಸಲ 3–5 ಎಂಎಲ್ ಸಾಕು. ಹೊಟ್ಟೆ ಮೆತ್ತಗೇ ಉಳಿದರೆ 10–15ಕ್ಕೆ ಏರಿಸಿ. ಪ್ರತಿ ಸಲ ತಿನ್ನಿಸುವ ಮೊದಲೂ ಹೊಟ್ಟೆ ಮುಟ್ಟಿ ನೋಡಬೇಕು, ಬಿಗಿಯಾಗಿದ್ದರೆ ತಿನ್ನಿಸದೆ ವೈದ್ಯರಿಗೆ ಫೋನ್ ಮಾಡಬೇಕು. ರಾತ್ರಿಯೂ 6 ಗಂಟೆಗಿಂತ ಹೆಚ್ಚು ಬಿಡುವು ಬೇಡ. ನಡುನಡುವೆ 2–3 ಎಂಎಲ್ ನೀರು ಬೇರೆಯಾಗಿ ಕೊಡಿ. ಆಹಾರದಲ್ಲಿರುವುದೂ ಸೇರಿ ಕೆ.ಜಿ.ಗೆ ದಿನಕ್ಕೆ ಸುಮಾರು 100 ಎಂಎಲ್ ನೀರು ಒಳಗೆ ಹೋಗಬೇಕು. ಆದ ಮೇಲೆ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಗದ್ದ, ಕುತ್ತಿಗೆ ಒರೆಸಿ. ಒಣಗಿದ ಗಂಜಿ ರೋಮಕ್ಕೆ ಗಟ್ಟಿಯಾಗಿ ಅಂಟಿ, ಅದರಡಿಯ ಚರ್ಮ ಎರಡೇ ದಿನಕ್ಕೆ ಹುಣ್ಣಾಗುತ್ತದೆ.

ಗಿನಿಪಿಗ್‌ನ ದೇಹ ವಿಟಮಿನ್ ಸಿಯನ್ನು ತಾನು ತಯಾರಿಸಿಕೊಳ್ಳುವುದಿಲ್ಲ. ಆರೋಗ್ಯದಲ್ಲಿ ಕೆ.ಜಿ.ಗೆ ದಿನಕ್ಕೆ 10–30 ಮಿ.ಗ್ರಾಂ, ಕಾಯಿಲೆಯಲ್ಲಿ 30–50 ಮಿ.ಗ್ರಾಂ ಬೇಕು. ಕುಡಿಯುವ ನೀರಿಗೆ ಹಾಕಿದರೆ ಬೇಗ ಕೆಡುತ್ತದೆ, ನೇರ ಬಾಯಿಗೇ ಕೊಡಿ. ತಿನ್ನಿಸುವ ಪುಡಿಯಲ್ಲಿ ಆಗಲೇ ಎಷ್ಟಿದೆ ಎಂದು ಪೊಟ್ಟಣ ಓದಿ ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳ ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಹನಿಯನ್ನು ಎಷ್ಟೋ ಮಂದಿ ಬಳಸುತ್ತಾರೆ. ಅದರಿಂದ ಹಾನಿಯೇನಿಲ್ಲ, ಆದರೆ "ಹನಿ ಹಾಕಿದ್ದೇವೆ, ನಾಳೆ ನೋಡೋಣ" ಎಂದು ಕೂತರೆ ಆ ಒಂದು ರಾತ್ರಿ ದುಬಾರಿಯಾಗುತ್ತದೆ.

ಭೇದಿ ಬೇರೆ

ಮೆತ್ತನೆಯ ಹಿಕ್ಕೆ ಸೊಪ್ಪು ಹೆಚ್ಚಾಗಿದ್ದರಿಂದ ಇರಬಹುದು. ಹಸಿರು ನಿಲ್ಲಿಸಿ ಒಣಹುಲ್ಲು ಮಾತ್ರ ಕೊಟ್ಟು ಒಂದು ದಿನ ನೋಡಬಹುದು. ನೀರಿನಂಥ ಭೇದಿಯಾದರೆ ಕಾಯುವಂತಿಲ್ಲ, ಗಂಟೆಗಳಲ್ಲೇ ಪ್ರಾಣಿ ಬತ್ತಿಹೋಗುತ್ತದೆ. ಒಂದಿಷ್ಟು ಮಲವನ್ನು ಡಬ್ಬಿಯಲ್ಲಿ ಪರೀಕ್ಷೆಗೆ ಒಯ್ಯಿರಿ. ಮನುಷ್ಯರ ಭೇದಿ ಮಾತ್ರೆ ಕೊಡಬೇಡಿ, ಅದು ಕರುಳನ್ನು ನಿಲ್ಲಿಸಿಬಿಡುತ್ತದೆ.

ಆಂಟಿಬಯೋಟಿಕ್‌ನಿಂದ ಕರುಳಿನ ಬ್ಯಾಕ್ಟೀರಿಯಾ ನಾಶವಾಗಿದ್ದರೆ ಆರೋಗ್ಯವಂತ ಗಿನಿಪಿಗ್‌ನ ಹಿಕ್ಕೆ ನೆರವಾಗಬಲ್ಲದು. ಆಗಷ್ಟೇ ಹಾಕಿದ ನಾಲ್ಕೈದು ಹಿಕ್ಕೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೋಸಿ, ಆ ನೀರನ್ನು ಸಿರಿಂಜ್‌ನಲ್ಲಿ ಕೊಡುವುದು. ಅಸಹ್ಯಪಡುವಂಥದ್ದೇನಲ್ಲ. ಗಿನಿಪಿಗ್‌ಗಳು ದಿನವೂ ತಮ್ಮ ಮೆತ್ತನೆಯ ಹಿಕ್ಕೆಯನ್ನು ತಾವೇ ತಿನ್ನುತ್ತವೆ. ಆದರೆ ಹಿಕ್ಕೆ ಕೊಡುವ ಪ್ರಾಣಿಗೆ ಹುಳ, ಪರೋಪಜೀವಿಗಳಿಲ್ಲ ಎಂಬುದು ಖಾತ್ರಿಯಿರಬೇಕು.

ಸುಧಾರಿಸುತ್ತಿದೆ ಎಂದು ತಿಳಿಯುವುದು ಹೇಗೆ

ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿಯ ಮೇಲೆ ಡಬ್ಬಿಯಿಟ್ಟು ದಿನವೂ ಒಂದೇ ಹೊತ್ತಿಗೆ ತೂಗಿ. ಕಣ್ಣಂದಾಜು ಮೋಸಮಾಡುತ್ತದೆ, ರೋಮದಡಿಯಲ್ಲಿ 100 ಗ್ರಾಂ ಕರಗಿದ್ದು ಕಾಣುವುದೇ ಇಲ್ಲ. ಒಟ್ಟು ತೂಕದ ಹತ್ತನೇ ಒಂದು ಭಾಗ ಇಳಿದಿದ್ದರೆ ಪರಿಸ್ಥಿತಿ ಗಂಭೀರ. ತಿನ್ನಿಸಲು ಶುರುಮಾಡಿದ ಕೂಡಲೇ ಹಿಕ್ಕೆ ಬರಲಿಲ್ಲವೆಂದು ಎದೆಗುಂದಬೇಡಿ, ಒಳಗೆ ಹೋದದ್ದು ಹೊರಬರಲು ಒಂದು ದಿನ, ಕೆಲವೊಮ್ಮೆ ಹೆಚ್ಚೇ ಹಿಡಿಯುತ್ತದೆ. ಮೊದಲು ಬರುವುದು ಸಣ್ಣ, ಕಪ್ಪು, ಒಣ ಹಿಕ್ಕೆ. ಅದೂ ಒಳ್ಳೆಯ ಸೂಚನೆಯೇ.

ಮೈ ತಣ್ಣಗಾಗುತ್ತಲೇ ಹೋಗಿ, ಔಷಧಿ, ದ್ರವ, ಆಹಾರ ಎಲ್ಲ ಕೊಟ್ಟರೂ ನೋವು ಇಳಿಯದಿದ್ದರೆ ನೋವಿಲ್ಲದ ಸಾವಿನ ಬಗ್ಗೆ ವೈದ್ಯರೊಡನೆ ಮಾತಾಡಬೇಕಾಗುತ್ತದೆ. ಆ ಪ್ರಶ್ನೆಯನ್ನು ನೀವೇ ಎತ್ತಿದರೆ ತಪ್ಪಿಲ್ಲ.

ತಾನಾಗಿ ಒಂದು ಎಸಳು ಹುಲ್ಲು ಎಳೆದ ಸಂತೋಷದಲ್ಲಿ ಸಿರಿಂಜ್ ಬದಿಗಿಡುವುದು ಬಹಳ ಮಂದಿ ಮಾಡುವ ತಪ್ಪು. ಎರಡು ದಿನ ತೂಕ ಇಳಿಯದೆ ನಿಂತರೆ ಒಂದು ಸರದಿ ಕಡಿಮೆ ಮಾಡಿ, ಮತ್ತೆ ತೂಗಿ, ಆಮೇಲೆ ಇನ್ನೊಂದು. ಒಣಹುಲ್ಲು ಮೊದಲಿನಿಂದಲೂ ಮೂಗಿನ ಮುಂದೆಯೇ ಇರಲಿ. ಹಿಕ್ಕೆ ಎರಡು ಮೂರು ದಿನ ಗಟ್ಟಿಯಾಗಿ ಬಂದ ಮೇಲೆ ಸೊಪ್ಪು, ಅದೂ ಒಂದೇ ಬಗೆಯದು, ಅಂಗೈಯ ಕಾಲು ಭಾಗದಷ್ಟು. ಸಿರಿಂಜ್ ಪೂರ್ತಿ ನಿಂತ ಮೇಲೂ ಎರಡು ವಾರ ದಿನಾ ತೂಗಿ ಬರೆದಿಡಿ. ದವಡೆಹಲ್ಲು ಮತ್ತೆ ಬೆಳೆಯುತ್ತಿದ್ದರೆ ತಟ್ಟೆ ಇನ್ನೂ ಖಾಲಿಯಾಗುತ್ತಿರುವಾಗಲೇ ತೂಕ ಇಳಿಯಲು ಶುರುವಾಗುತ್ತದೆ.