ಬಲಗಾಲು ನೋಡಿ ಕಲಿತ ಬಾಸ್

ಮಂಗಳೂರಿನ ಕ್ರೈಸ್ತ ಮದುವೆಗೆ ಬ್ಯಾಂಡ್ ಇಲ್ಲದಿದ್ದರೆ ಊಟವೂ ರುಚಿಸದು ಎನ್ನುವ ಕಾಲದಲ್ಲಿ ನಾನು ತಗ್ಗಿನ ಸ್ವರದ ಬಾಸ್ ಗಿಟಾರ್ ಹಿಡಿದೆ. ಎಂಬತ್ತರ ದಶಕದ ಆರಂಭವದು. ನಮ್ಮೂರಿನ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿದ್ದವನಿಗೆ ಕೊಲ್ಲಿಯಲ್ಲಿ ಕೆಲಸ ಸಿಕ್ಕಿತು, ಜಾಗ ಖಾಲಿಯಾಯಿತು, ನನ್ನನ್ನು ನಿಲ್ಲಿಸಿದರು. ಟ್ರಂಪೆಟ್ ಊದುತ್ತಿದ್ದ ನಮ್ಮ ಯಜಮಾನರು ಹೇಳಿಕೊಟ್ಟದ್ದು ಒಂದೇ ಮಾತು: "ಪುತಾ (ಮಗನೇ), ನಿನ್ನ ಬೆರಳು ಆಮೇಲೆ ನೋಡು. ಮೊದಲು ಅವನ ಬಲಗಾಲು ನೋಡು."

ಅವನು ಎಂದರೆ ಡ್ರಮ್ಮರ್. ಅವನ ಬಲಗಾಲಿನ ಕೆಳಗೆ ಕಿಕ್ ಡ್ರಮ್ಮಿನ, ಅಂದರೆ ನೆಲದ ಮೇಲಿಟ್ಟ ದೊಡ್ಡ ಡ್ರಮ್ಮಿನ ಪೆಡಲ್ ಇರುತ್ತದೆ. ಪೆಡಲ್ ತಗ್ಗುವುದೂ ನನ್ನ ಬೆರಳು ತಂತಿ ಬಿಡುವುದೂ ಕೂಡಿದರೆ ಕೇಳುವವರಿಗೆ ಎರಡು ವಾದ್ಯ ಕೇಳಿಸುವುದಿಲ್ಲ, ಒಂದೇ ಗಟ್ಟಿ ಪೆಟ್ಟು ಕೇಳಿಸುತ್ತದೆ. ಕುಣಿಯುವವರು ಹೆಜ್ಜೆ ಇಡುವುದು ಅದರ ಮೇಲೆಯೇ. ವಾಲ್ಟ್ಸ್ ಮೂರು ಮಾತ್ರೆಯದು: ಮೊದಲನೆಯದು ಆ ಕಾಲಿಗೂ ನನಗೂ ಸೇರಿದ್ದು, ಉಳಿದೆರಡು ಕೋಲಿನಿಂದ ಬಡಿಯುವ ಚಿಕ್ಕ ಡ್ರಮ್ ಸ್ನೇರಿನವು. ಒಂದು ಸುತ್ತಿಗೆ ಷಡ್ಜ, ಮುಂದಿನ ಸುತ್ತಿಗೆ ಪಂಚಮ. ಮದುವೆಯ ಕುಣಿತದ ಹಾಡು ಬೈಲಾಕ್ಕೆ ಆರು ಮಾತ್ರೆ, ಒಂದರ ಮೇಲೂ ನಾಲ್ಕರ ಮೇಲೂ ತೂಕ. ಸ್ವರ ಇಷ್ಟೇ ಆದರೂ ರಾತ್ರಿಯಿಡೀ ಒಂದೇ ವೇಗದಲ್ಲಿ ಹಿಡಿದು ನಿಲ್ಲಿಸುವುದಕ್ಕೆ ನನಗೆ ವರ್ಷಗಳೇ ಬೇಕಾದವು.

ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಮತ್ತು ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದಲ್ಲಿ ನಮ್ಮಲ್ಲಿ ಮದುವೆ ಸಂಭ್ರಮವಿಲ್ಲ. ಕೊಲ್ಲಿಯಿಂದ ರಜೆಗೆ ಬಂದವರ ಮದುವೆಗಳು ಕ್ರಿಸ್ಮಸ್ ಮುಗಿಯುತ್ತಿದ್ದಂತೆ ಸಾಲುಗಟ್ಟುತ್ತವೆ. ಈಸ್ಟರ್ ಕಳೆದ ಮೇಲೆ ಇನ್ನೊಂದು ಸುತ್ತು. ಮಳೆಗಾಲ ವಾದ್ಯದ ಆರೈಕೆಗೆ. ಕರಾವಳಿಯ ಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ, ಗಿಟಾರಿನ ಕತ್ತು ಬಾಗುತ್ತದೆ. ಬಾಗು ಸರಿಪಡಿಸಲು ಕತ್ತಿನೊಳಗಿರುವ ಲೋಹದ ಸರಳು, ಟ್ರಸ್ ರಾಡನ್ನು ಕಾಲು ಸುತ್ತಷ್ಟೇ ತಿರುಗಿಸಿ, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ಅವಸರ ಮಾಡಿದರೆ ಮರ ಸೀಳುತ್ತದೆ. ಹೊಸ ತಂತಿಗೆ ಹಣವಿಲ್ಲದಿದ್ದ ದಿನಗಳಲ್ಲಿ ಹಳೆಯದನ್ನೇ ಬಿಚ್ಚಿ ನೀರಿನಲ್ಲಿ ಕುದಿಸಿ, ಒರೆಸಿ ಒಣಗಿಸಿ ಏರಿಸುತ್ತಿದ್ದೆ. ಸುರುಳಿಗಳ ನಡುವಿನ ಬೆವರು, ಕೊಳೆ ಬಿಟ್ಟು ಕೆಲವು ವಾರ ಸದ್ದು ಮತ್ತೆ ತಿಳಿಯಾಗುತ್ತದೆ.

1987ರಲ್ಲಿ ‘ಪ್ರೇಮಲೋಕ’ ಬಂದ ಮೇಲೆ ಗಣೇಶೋತ್ಸವದ ರಸಮಂಜರಿಗಳಲ್ಲಿ ಹಂಸಲೇಖರ ಹಾಡು ಇಲ್ಲದೆ ನಡೆಯುತ್ತಿರಲಿಲ್ಲ. ನಾನೂ ಒಂದು ಆರ್ಕೆಸ್ಟ್ರಾ ಸೇರಿದೆ. ಬಯಲು ವೇದಿಕೆ, ಕಂಬಕ್ಕೆ ಕಟ್ಟಿದ ಹಾರ್ನ್ ಸ್ಪೀಕರ್. ಆ ಹಾರ್ನಿನಿಂದ ತಗ್ಗಿನ ಸ್ವರ ಹೊರಡುವುದಿಲ್ಲ; ಹಿಂದಿನ ಸಾಲಿನವರಿಗೆ ಬಾಸ್ ಇದೆಯೆಂದೇ ಗೊತ್ತಾಗದು. ವೇದಿಕೆಯ ಮೇಲಿನ ಗಾಯಕನಿಗೆ ಮಾತ್ರ ಗೊತ್ತು, ಅವನ ಕಾಲಡಿಯ ಹಲಗೆ ನಡುಗುತ್ತಿರುತ್ತದೆ.

ಜನರೇಟರಿನ ಕಾಟ ಬೇರೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಆಂಪ್ಲಿಫೈಯರ್ ಗುಂಯ್ ಎನ್ನುತ್ತದೆ. ವಿದ್ಯುತ್ತಿನ ಆ ಸದ್ದು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ. ದಪ್ಪ ತಂತಿಯ ಮೂರನೇ ಮನೆ (ಫ್ರೆಟ್) ಒತ್ತಿದರೆ ಬರುವ ಜಿ ಸ್ವರ 49 ಹರ್ಟ್ಸ್. ಎರಡೂ ಒತ್ತೊತ್ತಿಗೆ ಬಂದಾಗ ಸ್ವರ ಒಂದೆಡೆ ನಿಲ್ಲದೆ ಅಲೆಯುತ್ತದೆ. ಅದಕ್ಕೇ ಬಯಲು ವೇದಿಕೆ ಹತ್ತಿದೊಡನೆ ನಾನು ಮೊದಲು ಒತ್ತುವುದು ಆ ಮನೆಯನ್ನು. ಅಲೆದರೆ ಕಬ್ಬಿಣದ ಸರಳನ್ನು ನೆಲಕ್ಕೆ ಹೊಡೆಸಿ, ಸುತ್ತ ನೀರು ಸುರಿಸಿ, ತಂತಿ ಕಟ್ಟಿಸುತ್ತೇನೆ. ಸಂಘಟಕರು ಗಡಿಯಾರ ನೋಡಲಿ, ಚಿಂತೆಯಿಲ್ಲ. ಅರ್ಥಿಂಗ್ ಎಂದರೆ ಇಂಪಿನ ಮಾತಷ್ಟೇ ಅಲ್ಲ, ಮೈಕ್ ಮುಟ್ಟುವ ಗಾಯಕನ ಜೀವದ ಮಾತು.

ಆಮೇಲೆ ಕೀಬೋರ್ಡಿನವರ ಎಡಗೈಯೇ ಬಾಸ್ ಆಯಿತು, ತಾಳ ನುಡಿಸುವ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಬಂದು ಡ್ರಮ್ಸ್ ಮೂಲೆ ಸೇರಿತು. ಒಬ್ಬರ ಸಂಭಾವನೆ ಉಳಿಯುತ್ತದೆಂದು ನನ್ನನ್ನು ಕೈಬಿಟ್ಟ ತಂಡಗಳಿವೆ. ನೋವಾಯಿತು, ಈಗಲೂ ಆಗುತ್ತದೆ. ಯಂತ್ರದ ತಾಳ ತಪ್ಪುವುದಿಲ್ಲ, ನಿಜ. ಆದರೆ ಕುಣಿಯುವವರು ಹುರುಪೇರಿದಾಗ ಅದು ಅವರ ಜೊತೆ ಏರುವುದಿಲ್ಲ, ವಯಸ್ಸಾದ ದಂಪತಿ ಅಂಗಳಕ್ಕಿಳಿದಾಗ ಅವರಿಗಾಗಿ ಕೊಂಚ ತಗ್ಗುವುದೂ ಇಲ್ಲ.

ಆ ವರ್ಷಗಳಲ್ಲಿ ನನ್ನನ್ನು ಉಳಿಸಿದ್ದು ಇಗರ್ಜಿಯ (ಚರ್ಚಿನ) ಗಾಯನ ಮಂಡಳಿ. ಅಲ್ಲಿ ಡ್ರಮ್ಸ್ ಇರಲಿಲ್ಲ, ನೋಡಲು ಬಲಗಾಲಿರಲಿಲ್ಲ. ಹಾಡುವವರು ಉಸಿರೆಳೆದುಕೊಳ್ಳುವಾಗ ಭುಜ ಏರುವುದನ್ನು ನೋಡಿ ಸ್ವರ ಇಡಲು ಕಲಿತೆ. ಸ್ವರವನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ತಿಳಿದದ್ದೂ ಅಲ್ಲೇ. ಮದುವೆ ಹಾಲಿನ ಗದ್ದಲದಲ್ಲಿ ತಂತಿ ತಾನಾಗಿ ಮೊರೆದರೂ ಯಾರೂ ಕೇಳುವುದಿಲ್ಲ. ಪೂಜೆಯ ಮೌನದಲ್ಲಿ ಅಂಗೈಯಿಂದ ಮುಚ್ಚಿ ಹಿಡಿಯಲೇಬೇಕು.

ಈಗ ಮದುವೆಗಳಿಗೆ ಮತ್ತೆ ಪೂರ್ತಿ ಬ್ಯಾಂಡ್ ಕೇಳುವವರಿದ್ದಾರೆ. ರಾತ್ರಿ 10ರ ಧ್ವನಿವರ್ಧಕ ನಿಯಮದಿಂದಾಗಿ ಸಂಜೆಯೇ ಶುರು. ನಮ್ಮ ಹೊಸ ಡ್ರಮ್ಮರ್ ಕಾಲೇಜು ಹುಡುಗ, ಕೈ ಬಲು ಚುರುಕು, ಕಾಲು ಇನ್ನೂ ಅವಸರದ್ದು. ಭಾನುವಾರ ಮಧ್ಯಾಹ್ನ ನಾವಿಬ್ಬರೇ ಕೂರುತ್ತೇವೆ. ತಾಳದ ವೇಗ ಹಿಡಿದು ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಕಿಕ್ ಮತ್ತು ಬಾಸ್ ಮಾತ್ರ; ಬೇರೇನನ್ನೂ ಮುಟ್ಟಬಾರದು ಎಂದು ಹೇಳಿದ್ದೇನೆ. ಬೈಲಾ ವೇಗಕ್ಕೆ ಏರಲು ಡಿಸೆಂಬರ್‌ವರೆಗೆ ಸಮಯವಿದೆ.